ಬೆಡ್‌ಶೀಟಿನ ಆ ತುದಿ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಕೂತು ಅಪ್ಪನಿಗೆ ಒಂದು ರೋಗ ಅಂಟಿಕೊಂಡಿತ್ತು. ಏನನ್ನು ಕಂಡರೂ "ಇದು ಎಲ್ಲಿಗೆ ಹೋಗುತ್ತೆ?" ಎಂದು ಕೇಳುವುದು. (ದಿನವಿಡೀ ಜನ ಅವನನ್ನು ಕೇಳುವುದೂ ಅದನ್ನೇ ತಾನೆ!) ಅಂಥವನ ಮುಂದೆ ಹೈಸ್ಕೂಲಿನ ಮಗಳು, ಮುಂದಿನ ಎರಡು ವರ್ಷವೂ ನೃತ್ಯವನ್ನೇ ಐಚ್ಛಿಕ ವಿಷಯವಾಗಿ ಓದುತ್ತೇನೆ ಎಂದರೆ ಸುಮ್ಮನಿರುತ್ತಾನೆಯೇ?

"ಈ ನೃತ್ಯ ಎಲ್ಲಿಗೆ ಹೋಗುತ್ತೆ?"

"ಕಾಲೇಜಿಗೆ ಹೋಗುತ್ತೆ. ಆಮೇಲೆ ಟೀಚರ್ ಆಗಬಹುದು, ನಾಟಕದವರ ಜೊತೆ ಸೇರಬಹುದು, ಕೈಕಾಲು ಬಿದ್ದುಹೋದವರಿಗೆ ವ್ಯಾಯಾಮ ಹೇಳಿಕೊಡಬಹುದು..."

"ದಾರೀಲಿ ಎಷ್ಟು ಕಡೆ ಕೆಟ್ಟು ನಿಲ್ಲುತ್ತೆ, ಅದನ್ನ ಹೇಳು!"

"ಅಪ್ಪಾ, ಒಂದೇ ಒಂದು ಸಲ ಬಂದು ನೋಡು. ಆಮೇಲೂ ಬೇಡ ಅಂದ್ರೆ ಬಿಟ್ಟುಬಿಡ್ತೀನಿ."

ಅಪ್ಪ ಒಪ್ಪಿದ. ಗೆಲುವು ತನ್ನದೇ ಎಂಬ ಧೈರ್ಯ. ನಿಜ ಹೇಳಬೇಕೆಂದರೆ ಅವನ ಸಿಟ್ಟು ನೃತ್ಯದ ಮೇಲಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷ. ಮಗಳು ಅಭ್ಯಾಸ ಮುಗಿಸಿ ಬರುವವರೆಗೆ ಮನೆ ಬಿಕೋ ಎನ್ನುತ್ತಿತ್ತು. ರೇಡಿಯೋದವಳು ನಮಸ್ಕಾರ ಅಂದರೆ ತಿರುಗಿ ನಮಸ್ಕಾರ ಅನ್ನುವಷ್ಟು ಒಂಟಿಯಾಗಿದ್ದ. ಇದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಅಪ್ಪನೆಂಬ ಗತ್ತು ಏನಾಗಬೇಕು?

ಪ್ರದರ್ಶನದ ದಿನ ಅವನು ಮುಂದಿನ ಸಾಲಿನಲ್ಲಿ ಕೈಕಟ್ಟಿ, ಮಹಾನ್ಯಾಯಾಧೀಶನ ಗಾಂಭೀರ್ಯದಲ್ಲಿ ಕೂತ. ಮಗಳು ಗಂಡಸಿನ ವೇಷದಲ್ಲಿ, ದೊಗಳೆ ಅಂಗಿ ತೊಟ್ಟು, ಬೆಡ್‌ಶೀಟ್ ಹಿಡಿದು ಒಬ್ಬಳೇ ಬಂದಳು. ಎರಡು ಮೂಲೆ ತಾನು ಹಿಡಿದು, ಇನ್ನೆರಡನ್ನು ಎದುರಿಗೆ ಚಾಚಿದಳು. ಹಿಡಿಯುವವರಿಲ್ಲ. ಗಂಟಲು ಸರಿಮಾಡಿಕೊಂಡು ಅತ್ತಿತ್ತ ನೋಡಿದಳು. ಕೊನೆಗೆ ಆ ತುದಿಯನ್ನು ವೇದಿಕೆಯ ಮೇಲಿಟ್ಟಿದ್ದ ಬೀರುವಿನ ಬಾಗಿಲಿಗೆ ಸಿಕ್ಕಿಸಿ, ಜಗ್ಗಿ, ಮಡಚುತ್ತ ಮಡಚುತ್ತ ಹತ್ತಿರ ಹೋಗಿ, ಉಪಕಾರವಾಯಿತು ಎಂಬಂತೆ ಬೀರುವಿನ ಬೆನ್ನು ತಟ್ಟಿದಳು.

ಸಭೆ ಗೊಳ್ಳೆಂದಿತು. ಅಪ್ಪ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಎಂಥಾ ಪೆದ್ದ ನೋಡ್ರೀ! ಬೀರು ಜೊತೆ ಸಂಸಾರ ಮಾಡ್ತಾನೆ!" ಎಂದ ಪಕ್ಕದಾಕೆಗೆ.

"ಪಾಪ ಕಣ್ರೀ," ಎಂದಳು ಆಕೆ, "ಮನೇಲಿ ಯಾರೂ ಇಲ್ಲ ಅನ್ಸುತ್ತೆ."

ಆಗ ಅಪ್ಪ ಅಂಗಿಯನ್ನು ಸರಿಯಾಗಿ ನೋಡಿದ. ಬಿಳಿ ಅಂಗಿಗೆ ನೀಲಿ ದಾರದಲ್ಲಿ ಹೊಲಿದ ಗುಂಡಿ. ಹೊಲಿದವನು ತಾನೇ.

ಮನೆಗೆ ಬರುವಾಗ ಕೇಳಿದ, "ನಾನು ಹಾಗೆ ಮಡಚೋದನ್ನ ಯಾವಾಗ ನೋಡ್ದೆ?"

"ಒಂದಿನ ಬೇಗ ಬಂದಿದ್ದೆ. ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಬರೋಕೆ ಆಗ್ಲಿಲ್ಲ ಅಪ್ಪಾ."

ಸ್ವಲ್ಪ ದೂರ ನಡೆದ ಮೇಲೆ ಅಪ್ಪ, "ನೃತ್ಯಾನೇ ತಗೋ" ಎಂದ.

ಭಾನುವಾರ ಬೆಡ್‌ಶೀಟ್ ಒಣಗಿತು. ಮಗಳು ಕುರ್ಚಿ ಎಳೆದು ಎದುರಿಗೇ ಕೂತಳು. "ಪರೀಕ್ಷೆಗೂ ಇದನ್ನೇ ಮಾಡ್ತೀನಿ. ಬೆನ್ನು ತಟ್ಟೋದು ಸರಿಯಾಗಿ ಬಂದಿಲ್ಲ. ನಾನು ಇಲ್ಲ ಅಂದ್ಕೊಂಡು ಮಡಚು."

ಅಪ್ಪ ಎದೆಯುಬ್ಬಿಸಿ ನಿಂತ. ತುದಿ ಬೀರುವಿನಿಂದ ಜಾರಿತು. ಮತ್ತೆ ಸಿಕ್ಕಿಸಿದ. ಈ ಸಲ ಕಾಲಿಗೆ ಸುತ್ತಿಕೊಂಡಿತು.

"ನಾಟಕ ಬೇಡ, ಸುಮ್ನೆ ಮಡಚು!"

"ಈ ಬಾಗಿಲು ಸಡಿಲ ಆಗಿದೆ ಕಣೇ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!"

ಮೂರನೇ ಸಲವೂ ಜಾರಿದಾಗ ಅಪ್ಪ ಬೆಡ್‌ಶೀಟ್ ಹಿಡಿದು ಪೆಚ್ಚಾಗಿ ನಿಂತ. "ನೀನು ಅಲ್ಲಿ ಕೂತಿದ್ರೆ ಅದು ಬರಲ್ಲ ಕಣೇ."

ಮಗಳು ಅವನನ್ನೇ ನೋಡಿದಳು. ಆಮೇಲೆ ಎದ್ದು ಬಂದು ನೆಲದ ಮೇಲಿದ್ದ ತುದಿಯನ್ನು ಎತ್ತಿಕೊಂಡಳು.

"ನೀನು ಫೇಲ್," ಎಂದಳು. "ಹಿಡ್ಕೋ."