ಮಾವನ ದನಿಗೊಂದು ಸಾಫ್ಟ್‌ವೇರು

ನನ್ನ ಕಿವಿಗಳ ಬಗ್ಗೆ ನಮ್ಮ ಮನೆಯಲ್ಲಿ ಬಹಳ ಕೀಳು ಅಭಿಪ್ರಾಯವಿದೆ. ಅಡುಗೆಮನೆಯಿಂದ "ರೀ, ಮೊಸರು ತರ್ರಿ" ಎಂದು ನನ್ನ ಹೆಂಡತಿ ಪಂಪಾವತಿ ಕೂಗಿದ್ದು ನನಗೆ ಕೇಳಿಸುವುದಿಲ್ಲ, ನಿಜ. ಮಾಳಿಗೆಯ ಮೇಲಿನ ಟ್ಯಾಂಕು ತುಂಬಿ ಹರಿಯುವ ಸದ್ದು ಇಡೀ ಓಣಿಗೆ ಕೇಳಿಸಿ ನನಗೊಬ್ಬನಿಗೆ ಕೇಳಿಸುವುದಿಲ್ಲ, ಅದೂ ನಿಜ. ಆದರೆ ಹಾಡಿನ ವಿಷಯಕ್ಕೆ ಬಂದರೆ ನನ್ನವು ಸಾಮಾನ್ಯ ಕಿವಿಗಳಲ್ಲ. ತಬಲಾದ ಮೇಲೆ ಬೆರಳು ಬಿತ್ತೋ ಅಂಗೈ ಬಿತ್ತೋ ಎಂದು ಕಣ್ಣುಮುಚ್ಚಿ ಹೇಳಬಲ್ಲ ಕಿವಿಗಳು. ಸಿಂಧನೂರಿನ ನಮ್ಮ ಕಚೇರಿಯ ಕಡತಗಳ ನಡುವೆ ಇಂಥ ಕಿವಿಗಳು ವ್ಯರ್ಥವಾಗುತ್ತಿವೆಯಲ್ಲ ಎಂಬ ಕೊರಗು ನನ್ನನ್ನು ಬಹುಕಾಲದಿಂದ ತಿನ್ನುತ್ತಿತ್ತು. ಆ ಕೊರಗು ನೀಗುವ ಯೋಗ ನಾದಿನಿಯ ನಿಶ್ಚಿತಾರ್ಥದ ರೂಪದಲ್ಲಿ ಬಂತು.

ನಾದಿನಿ ಅನುಪಮಾಳಿಗೆ ಲಿಂಗಸುಗೂರಿನ ಹುಡುಗ ಗೊತ್ತಾಗಿದ್ದ. ರಾಜೇಶ ಎಂದು, ಬ್ಯಾಂಕಿನಲ್ಲಿ ನೌಕರಿ. ಎರಡೂ ಕಡೆ ಎಲ್ಲಕ್ಕೂ ಒಪ್ಪಿಗೆ. ಹುಡುಗನ ಕಾಕಾ ಶರಣಬಸವ ಅವರದು ಮಾತ್ರ ಒಂದು ಬೇಡಿಕೆ.

"ಕೊಡೋದು ತರೋದು ಏನೂ ಬ್ಯಾಡ್ರಿ. ಬಸ್ಸಪ್ಪನವರು ಅವತ್ತು ಹಾಡಬೇಕು, ಅಷ್ಟ. ನಮ್ಮವ್ವ ಅವರ ಭಜನಿ ಕೇಳಿ ಈ ಮನಿ ಹೆಣ್ಣು ಬೇಕು ಅಂದಾಳ."

ಬಸ್ಸಪ್ಪನವರೆಂದರೆ ನನ್ನ ಮಾವ. ಮಸ್ಕಿಯವರು. ಅವರು ಏಕತಾರಿ ಹಿಡಿದು ಕೂತರೆ ಅತ್ತ ಮುದಗಲ್ಲಿನಿಂದ, ಇತ್ತ ಮುಕ್ಕುಂದದಿಂದ ಜನ ಬರುತ್ತಿದ್ದ ಕಾಲವಿತ್ತು. ಆದರೆ ವರ್ಷದ ಹಿಂದೆ ಅವರು ಇದ್ದಕ್ಕಿದ್ದಂತೆ ಹಾಡುವುದನ್ನೇ ಬಿಟ್ಟಿದ್ದರು. ಯಾಕೆಂದು ಕೇಳಿದರೆ ಬಾಯಿಗೆ ಟವೆಲು ಅಡ್ಡ ಹಿಡಿದು, "ಸಾಕಾತು ಬಿಡ್ರಿ" ಎಂದು ಅತ್ತ ತಿರುಗುತ್ತಿದ್ದರು. ಅತ್ತೆ ಗದ್ದೆಮ್ಮನವರನ್ನು ಕೇಳಿದರೆ ಅವರೂ ತುಟಿ ಬಿಚ್ಚುತ್ತಿರಲಿಲ್ಲ.

ಅನುಪಮಾ ಅಳುಮುಖ ಮಾಡಿಕೊಂಡು ಸಿಂಧನೂರಿಗೇ ಬಂದಳು. "ಮಾಮಾ, ಅಪ್ಪ ಹಾಡಂಗಿಲ್ಲ ಅಂದ್ರ ಅವರು ಸೊಕ್ಕು ಅಂತ ತಿಳ್ಕೊಳ್ಳಂಗಿಲ್ಲೇನು? ಈಗ ಏನ್ ಮಾಡೋದು?"

"ನಾ ಅದೀನಲ್ಲ" ಎಂದೆ. (ಈ ಮಾತು ಕೇಳಿದೊಡನೆ ಪಂಪಾವತಿಯ ಮುಖ ಯಾಕೆ ಬಾಡುತ್ತದೆಂದು ನನಗೆ ಇಂದಿಗೂ ತಿಳಿದಿಲ್ಲ.)

ಮದುವೆಯಾದ ಹೊಸತರಲ್ಲಿ ಮಾವನ ಭಜನೆಯನ್ನೆಲ್ಲ ನಾನೇ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ತುಂಬಿಟ್ಟಿದ್ದೆ. ಅದನ್ನೇ ಹಚ್ಚಿದರಾಯಿತು. ಮಾವ ಕೂಡಲೇ ಒಪ್ಪಿದರು. ಶರಣಬಸವ ಅವರು ತುಸು ಹಿಂದೆಮುಂದೆ ನೋಡಿ ಫೋನಿನಲ್ಲಿ ಎರಡು ಶರತ್ತು ಹಾಕಿದರು. "ಎದುರಿಗೆ ಕುಂತು ಹಾಡಿದಂಗ ಕೇಳಬೇಕ್ರಿ. ಮತ್ತ ನಡುವ ನಿಲ್ಲಬಾರದು. ಶುಭಕಾರ್ಯದಾಗ ಹಾಡು ತುಂಡಾದ್ರ ನಮ್ಮವ್ವ ಅಪಶಕುನ ಅಂತಾಳ. ಆಕಿ ಹಟ ನಿಮಗ ಗೊತ್ತಿಲ್ಲ."

ಅಂದಿನಿಂದ ನನ್ನ ಊಟ ನಿದ್ರೆ ಎರಡೂ ಹೋದವು.

ಲ್ಯಾಪ್‌ಟಾಪಿನಲ್ಲಿ ಹಾಡು ಹಚ್ಚಲು ಒಂದು ಸಾಫ್ಟ್‌ವೇರು ಬೇಕು. ಯಾವುದಾದರೂ ಆದೀತು ಎಂದು ಪಾಮರರು ತಿಳಿದಿದ್ದಾರೆ. ನಾನೂ ಪಾಮರನಾಗಿಯೇ ಇದ್ದೆ. ಆದರೆ ಇಂಟರ್‌ನೆಟ್ಟಿನಲ್ಲಿ ಈ ವಿಷಯಕ್ಕೆ ಕುರುಕ್ಷೇತ್ರವೇ ನಡೆದಿದೆ. ಒಂದು ಸಾಫ್ಟ್‌ವೇರಿನಲ್ಲಿ ಗಾಯಕನ ಮುಂದಿನ ಪರದೆ ಸರಿದಂತೆ ಕೇಳಿಸುತ್ತದಂತೆ, ಇನ್ನೊಂದರಲ್ಲಿ ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತದಂತೆ. ಎಲ್ಲ ಒಂದೇ, ವ್ಯತ್ಯಾಸವೆಲ್ಲ ಕೇಳುವವರ ತಲೆಯಲ್ಲಿದೆ ಎನ್ನುವ ನಾಸ್ತಿಕರೂ ಅಲ್ಲಿದ್ದರು. ಅವರಿಗೆ ನನ್ನಂಥ ಕಿವಿಗಳಿಲ್ಲ, ಪಾಪ.

ಸೋಸಿ ಸೋಸಿ ಎರಡನ್ನು ಉಳಿಸಿಕೊಂಡೆ. ಒಂದಕ್ಕೆ ಮೈತುಂಬ ಗುಂಡಿಗಳು, ಏರಿಳಿದು ಕುಣಿಯುವ ಬಣ್ಣದ ಪಟ್ಟಿಗಳು. ಅದಕ್ಕೆ ದರ್ಬಾರಿ ಎಂದು ಹೆಸರಿಟ್ಟೆ. ಇನ್ನೊಂದು ಬೋಳು ಬೋಳು, ಒಂದು ಒತ್ತುವ ಗುಂಡಿ ಬಿಟ್ಟರೆ ಮತ್ತೇನಿಲ್ಲ. ಅದು ಫಕೀರ. ಫಕೀರ ದಿನವಿಡೀ ಹಾಡಿದರೂ ನಿಲ್ಲುತ್ತಿರಲಿಲ್ಲ, ಆದರೆ ದನಿ ಒಣ. ದರ್ಬಾರಿಯ ದನಿಯಲ್ಲಿ ರಸವೋ ರಸ, ಆದರೆ ಮನಸ್ಸು ಬಂದರೆ ಮಾತ್ರ ಹಾಡುವ ಉಸ್ತಾದ. ಒಂದು ಭಾನುವಾರ ಚಲೋ ಹಾಡುತ್ತಿದ್ದದ್ದು ನಡುವೆ ಗಪ್ಪನೆ ಬಾಯಿ ಮುಚ್ಚಿ, ನಾನು ಕೈಮುಗಿದು ಲ್ಯಾಪ್‌ಟಾಪು ಬಂದ್ ಮಾಡಿ ಚಾಲೂ ಮಾಡಿದ ಮೇಲೆ ಮತ್ತೆ ಹಾಡಿತು.

"ನಿಲ್ಲಲಾರದ್ದು ಹಾಕ್ರಿ. ಇದರಾಗ ವಿಚಾರ ಮಾಡೋದು ಏನೈತಿ?" ಎಂದಳು ಪಂಪಾವತಿ.

"ದನಿ? ದನಿ ಬ್ಯಾಡೇನು? ಎದುರಿಗೆ ಕುಂತು ಹಾಡಿದಂಗ ಕೇಳಬೇಕು ಅಂದಾರ."

"ನನಗ ಎರಡೂ ಅಪ್ಪನ ದನೀನ ಕೇಳ್ತೈತಿ."

"ನಿನಗ ಕೇಳ್ತೈತಿ. ನಿನ್ನ ಕಿವಿ ಬ್ಯಾರೆ, ನನ್ನ ಕಿವಿ ಬ್ಯಾರೆ."

"ಹೌದೌದು. ನಿಮ್ಮವು ಮೊಸರು ಅನ್ನೋದೊಂದು ಬಿಟ್ಟು ಎಲ್ಲಾ ಕೇಳ್ತಾವ."

ವಿಷಯವನ್ನು ವೈಜ್ಞಾನಿಕವಾಗಿಯೇ ತೀರ್ಮಾನಿಸಬೇಕೆಂದು ನಿಶ್ಚಯಿಸಿದೆ. ನಾನು ಕಣ್ಣಿಗೆ ಟವೆಲು ಕಟ್ಟಿಕೊಂಡು ಕೂರುವುದು, ಪಂಪಾವತಿ ಒಮ್ಮೆ ದರ್ಬಾರಿ, ಒಮ್ಮೆ ಫಕೀರ ಎಂದು ಬದಲಿಸಿ ಹಚ್ಚುವುದು, ನಾನು ಗುರುತಿಸುವುದು. ಅವಳು ಮಡಿಲಲ್ಲಿ ಅವರೆಕಾಯಿ ಬುಟ್ಟಿ ಇಟ್ಟುಕೊಂಡೇ ಕೂತಳು. ಶಾಸ್ತ್ರಕ್ಕೆ ಇದು ಒಪ್ಪುವುದಲ್ಲ, ಆದರೆ ಸಂಸಾರದಲ್ಲಿ ಶಾಸ್ತ್ರ ಎಷ್ಟೆಂದು ನಡೆದೀತು?

"ಇದು ಫಕೀರ! ಆರಿದ ರೊಟ್ಟಿ ಮುರದಂಗ ಐತಿ. ಬದಲಿಸು... ಆಹಾ, ಇದು ದರ್ಬಾರಿ! ನೋಡು ನೋಡು, ಮಾವಾರು ಉಸಿರು ತಗೊಂಡಿದ್ದೂ ಕೇಳ್ತು. ಬದಲಿಸು... ಥೂ, ಮತ್ತ ಫಕೀರ. ಬದಲಿಸು... ಇದು, ಇದು ನೋಡು! ತುಪ್ಪ ಬಿಟ್ಟಂಗ!"

ಟವೆಲು ಬಿಚ್ಚಿದೆ. ಪಂಪಾವತಿ ಕಾಯಿ ಸುಲಿಯುತ್ತಲೇ ಇದ್ದಳು.

"ಎಷ್ಟು ಬರೋಬ್ಬರಿ ಹೇಳಿದೆ?" ಎಂದು ಕೇಳಿದೆ.

"ಬದಲಿ ಮಾಡೋದು ಎಲ್ಲಿ ಅಂತ ನನಗ ಗೊತ್ತಾಗಲಿಲ್ಲರಿ. ಮೊದಲಿಂದ ಅದ ಫಕೀರ ಹಾಡಾಕತ್ತಾನ."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಶಸ್ತ್ರತ್ಯಾಗ ಮಾಡುತ್ತಿದ್ದರು. ನಾನು ಒಂದು ಗಳಿಗೆ ಯೋಚಿಸಿದೆ. ಫಕೀರನೇ ಇಷ್ಟು ರಸವತ್ತಾಗಿ ಕೇಳಿಸಿದನೆಂದರೆ, ದರ್ಬಾರಿ ಇನ್ನೆಷ್ಟು ರಸವತ್ತಾಗಿರಬೇಡ! ದರ್ಬಾರಿಯೇ ಎಂದು ಅಲ್ಲಿಯೇ ತೀರ್ಪು ಕೊಟ್ಟೆ. ಪಂಪಾವತಿ ನನ್ನನ್ನೊಮ್ಮೆ, ಅವರೆಕಾಯಿಯ ಸಿಪ್ಪೆಯನ್ನೊಮ್ಮೆ ನೋಡಿದಳು. ಎರಡರಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಅವಳಿಗೆ ಕಂಡಂತಿರಲಿಲ್ಲ.

ನಿಶ್ಚಿತಾರ್ಥದ ದಿನ ಕ್ರೂಸರ್ ಗಾಡಿ ಮಾಡಿಕೊಂಡು ಹೊರಟೆವು. ಮಸ್ಕಿಯಲ್ಲಿ ಮಾವ, ಅತ್ತೆ, ಅನುಪಮಾ ಹತ್ತಿದರು. ನಾನು ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡು ಕೂತಿದ್ದೆ. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಅದರ ಜೊತೆ ನನ್ನ ಜೀವವೂ ಹಾರಿ ಬೀಳುತ್ತಿತ್ತು. "ಸಾವಕಾಶ ಹೊಡಿಯಪ್ಪಾ" ಎಂದು ಡ್ರೈವರನಿಗೆ ಹೇಳಿ ಹೇಳಿ ಗಂಟಲು ಒಣಗಿತು. ಮಾವ ಮಾತ್ರ ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತಿದ್ದರು. ಮಗಳ ಕಾರ್ಯಕ್ಕೆ ಹೊರಟವರ ಹುರುಪು ಅವರಲ್ಲಿರಲಿಲ್ಲ.

ಲಿಂಗಸುಗೂರಿನ ಕಲ್ಯಾಣ ಮಂಟಪದಲ್ಲಿ ಮೇಲೆ ಕಾರ್ಯ, ಕೆಳಗೆ ಊಟ. ಎರಡು ಕಡೆಯೂ ಸ್ಪೀಕರು. ಹುಡುಗಿಗೆ ಉಡಿ ತುಂಬಿ, ಉಂಗುರ ಹಾಕಿ, ಸಕ್ಕರೆ ಹಂಚಿದ ಮೇಲೆ ಶರಣಬಸವ ಅವರು ನನಗೆ ಸನ್ನೆ ಮಾಡಿದರು. ಅವರ ತಾಯಿ ಮುಂದಿನ ಕುರ್ಚಿಯಲ್ಲಿ ಕಿವಿಗೆ ಕೈ ಹಚ್ಚಿ ಸಿದ್ಧರಾಗಿ ಕೂತಿದ್ದರು. ದರ್ಬಾರಿಯ ಗುಂಡಿ ಒತ್ತಿದೆ. ಮಾವನ ದನಿ ಮಂಟಪದ ತುಂಬ ಹರಡಿತು. ಜನ ತಲೆದೂಗಿದರು.

ನಾನು ಲ್ಯಾಪ್‌ಟಾಪಿನ ಮುಂದಿನಿಂದ ಕದಲಲಿಲ್ಲ. ಬಣ್ಣದ ಪಟ್ಟಿಗಳು ಇಳಿದಾಗ ನನ್ನ ಎದೆ ಇಳಿಯುತ್ತಿತ್ತು, ಏರಿದಾಗ ಏರುತ್ತಿತ್ತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನದಲ್ಲಿ ನಾನು ಹರಕೆ ಹೊರದ ದೇವರಿಲ್ಲ. ಅಷ್ಟರಲ್ಲಿ ಶರಣಬಸವ ಅವರು ಬಂದು ರಟ್ಟೆ ಹಿಡಿದರು.

"ಏಳ್ರಿ ಊಟಕ್ಕ. ಬೀಗರು ಉಪಾಸ ಕುಂತ್ರ ನಮಗ ಶೋಭಾ ಏನ್ರಿ?"

"ಅಲ್ರಿ, ಇದು..."

"ಅದು ತಾನ ಹಾಡಾಕತ್ತೈತಲ್ಲ, ನೀವೇನ್ ಹಾಡಾಕತ್ತೀರೇನು? ಏಳ್ರಿ."

ಬೀಗರ ಮಾತು ಮೀರುವಂತಿಲ್ಲ. ಪಂಪಾವತಿ ದೂರದಿಂದ "ಹೋಗಬ್ಯಾಡ್ರಿ" ಎಂಬಂತೆ ಕಣ್ಣು ಬಿಟ್ಟಳು. ನಾನು "ಬೇಫಿಕರ್ ಇರು" ಎಂಬಂತೆ ಕೈ ಮಾಡಿ ಕೆಳಗಿಳಿದೆ.

ಎಲೆಯ ಮೇಲೆ ಗೋಧಿ ಹುಗ್ಗಿ ಬಿತ್ತು, ತುಪ್ಪ ಬಿತ್ತು. ಮೊದಲ ತುತ್ತು ಬಾಯಿಗಿಟ್ಟೆ. ಆಗ ಹಾಡು ನಿಂತಿತು.

ಸಾಲಿನ ನಡುವೆಯೇ ನಿಂತಿತು. ಹುಗ್ಗಿ ಗಂಟಲಲ್ಲಿ ಸಿಮೆಂಟಾಯಿತು. ಮುರಿದ ಸಂಬಂಧ, ಅಳುವ ನಾದಿನಿ, ತವರಿನ ಪಕ್ಷ ಸೇರಿದ ಪಂಪಾವತಿ, ಎಲ್ಲ ಕಣ್ಣ ಮುಂದೆ ಬಂದವು. ಎಲೆ ಬಿಟ್ಟು ಏಳಲು ಹೋದೆ. ಅಷ್ಟರಲ್ಲಿ, ಅಹಾ! ಸ್ಪೀಕರಿನಲ್ಲಿ ಏನೋ ಗೊರಗೊರ ಎಂದು, ನಿಂತ ಸಾಲಿನಿಂದಲೇ ಮಾವನ ದನಿ ಮತ್ತೆ ಶುರುವಾಯಿತು.

"ಹೆದರಿಬಿಟ್ಟಿದ್ದೆ ನೋಡ್ರಿ" ಎಂದು ಶರಣಬಸವ ಉಸಿರು ಬಿಟ್ಟರು.

ಹೋದ ಜೀವ ಬಂದಾಗ ಮನುಷ್ಯನಿಗೆ ನಾಲಗೆ ಉದ್ದವಾಗುತ್ತದೆ. "ಹೆದರೋದು ಯಾಕ್ರಿ? ನಮ್ಮ ಸಾಫ್ಟ್‌ವೇರು ಹಂತಾದ್ದು. ಎಡವಿದ್ರೂ ತಾನ ಎದ್ದು, ಬಿಟ್ಟ ಜಾಗಾದಿಂದ ಹಿಡ್ಕೊಂತೈತಿ" ಎಂದೆ.

"ದನಿ ಮೊದಲಿಗಿಂತ ಚಲೋ ಆತಲ್ರಿ?"

"ಹೌದಲ್ಲ! ಇದಕ್ಕ ಕಾದ ಮ್ಯಾಲ ರಂಗೇರ್ತೈತಿ. ಕೇಳ್ರಿ, 'ಸ' ಬಂದಾಗೆಲ್ಲ ಸಣ್ಣಗ ಸುಂಯ್ ಅಂತೈತಲ್ಲ? ಹಗುರ ಸಾಫ್ಟ್‌ವೇರು ಇಂಥಾ ಸೂಕ್ಷ್ಮ ನುಂಗಿಬಿಡ್ತಾವ. ಇದು ಬಿಡಂಗಿಲ್ಲ."

ಪಂಕ್ತಿಯವರೆಲ್ಲ ನನ್ನತ್ತ ತಿರುಗಿದ್ದರು. ಸ್ಪೀಕರಿನಲ್ಲಿ ಮಾವ ಕೆಮ್ಮಿದರು.

"ನೋಡ್ರಿ, ಕೆಮ್ಮು ಸೈತ! ಎದುರಿಗೆ ಕುಂತು ಕೆಮ್ಮಿದಂಗ ಇಲ್ಲೇನು?"

"ಖರೇ ಐತ್ರಿ" ಎಂದರು ಶರಣಬಸವ, ತುತ್ತು ನಿಲ್ಲಿಸಿ.

"ಯಾರರ ಸ್ವಲ್ಪ ನೀರ ಕೊಡ್ರಿ" ಎಂದಿತು ಸ್ಪೀಕರು.

"ಇದು ರೆಕಾರ್ಡ್ ಮಾಡಿದ ದಿನದ್ದು" ಎಂದು ವಿವರಿಸಿದೆ. "ಹಿಂದುಮುಂದಿನ ಮಾತೂ ಬಂದಾವ. ಅದರಾಗ ಗ್ಲಾಸಿನ ಸಪ್ಪಳ ಕೇಳ್ರಿ, ಹೆಂಗ ಐತಿ!"

ಗ್ಲಾಸು ಕೆಳಗಿಟ್ಟ ಸಪ್ಪಳವಾಯಿತು. ಆಮೇಲೆ ಮಾವನ ದನಿ, ನಾನು ಹೊಗಳಿದ ಆ ಸ್ಪಷ್ಟತೆಯಲ್ಲೇ, ಮೇಲಿನ ಸಭೆಗೂ ಕೆಳಗಿನ ಪಂಕ್ತಿಗೂ ಕೇಳುವಂತೆ ಹೇಳಿತು:

"ನಮ್ಮ ದೊಡ್ಡ ಅಳಿಯಾರು ಎಲ್ಲಿದ್ರೂ ಮ್ಯಾಲ ಬರ್ರಿ. ನಿಮ್ಮ ಕಂಪ್ಯೂಟರು ನೀಲಿ ಆಗಿ ನಿಂತೈತಿ. ಅವಸರ ಇಲ್ಲ, ಉಂಡ ಬರ್ರಿ."

ಪಂಕ್ತಿಯಲ್ಲಿ ಎದ್ದ ನಗೆಯನ್ನು ವರ್ಣಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬಡಿಸುವವನು ಹುಗ್ಗಿಯ ಬಕೆಟ್ಟು ಕೆಳಗಿಟ್ಟು ನಕ್ಕ ಎಂದಷ್ಟೇ ಹೇಳುತ್ತೇನೆ.

ಕೈ ತೊಳೆದು ಮೇಲೆ ಓಡಿದೆ. ಲ್ಯಾಪ್‌ಟಾಪಿನ ಪರದೆ ನೀಲಿಯಾಗಿ ಸತ್ತು ಬಿದ್ದಿತ್ತು. ಅದರ ಪಕ್ಕದಲ್ಲಿ ಮಾವ ಮೈಕು ಹಿಡಿದು, ಕಣ್ಣು ಮುಚ್ಚಿ ಹಾಡುತ್ತಿದ್ದರು. ಪಂಪಾವತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡರೂ ಬೈಯಲಿಲ್ಲ. ನನಗೆ ಇನ್ನಷ್ಟು ಭಯವಾಯಿತು.

"ಹಾಡು ತುಂಡಾತ್ರಿ" ಎಂದಳು ಮೆಲ್ಲಗೆ. "ಆ ಅಜ್ಜಿ ಎದಿ ಹಿಡಕೊಂಡ್ಳು. ಅನುಪಮಾನ ಮಾರಿ ಸುಣ್ಣದಂಗ ಆತು. ಅಪ್ಪ ಒಮ್ಮೆ ಆಕಿ ಮಾರಿ ನೋಡಿದ, ಎದ್ದು ಹೋಗಿ ಮೈಕ್ ತಗೊಂಡುಬಿಟ್ಟ."

"ಮತ್ತ ಇಷ್ಟು ದಿನ ಯಾಕ ಹಾಡಿರಲಿಲ್ಲ?"

ಈಗ ಅತ್ತೆ ಬಾಯಿ ಬಿಟ್ಟರು. "ಹೊಸಾ ಹಲ್ಲು ಕಟ್ಟಿಸಿದಾಗಿಂದ 'ಸ' ಅಂದ್ರ ಸೀಟಿ ಹೊಡಿತೈತಿ, ಅಳಿಯಾರ. ಭಜನಿ ಮಂದಿ 'ಕುಕ್ಕರ್ ಬಸ್ಸಪ್ಪ' ಅಂತ ಚಾಷ್ಟಿ ಮಾಡಿದ್ರು. ಅವತ್ತ ಬಾಯಿ ಮುಚ್ಚಿದ್ರು, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು."

ಹಾಡು ಮುಗಿಯಿತು. ಮಾವ ಅಂಜುತ್ತಂಜುತ್ತ ಕಣ್ಣು ತೆರೆದರು. ಹುಡುಗನ ಅಜ್ಜಿ ಎದ್ದು ಬಂದು ಅವರ ಕೈ ಹಿಡಿದುಕೊಂಡರು. "ಭಾಳ ಛಂದ ಆತು ನೋಡಪಾ. ಅದರ ನಡುನಡುವ ಕೊಳಲು ಊದಿದವರು ಯಾರು?"

ಮಾವ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ, ಟವೆಲು ಅಡ್ಡ ಹಿಡಿಯದೆ, ವರ್ಷದ ನಗುವನ್ನೆಲ್ಲ ಒಮ್ಮೆಲೇ ನಕ್ಕುಬಿಟ್ಟರು.

ಹೊರಡುವ ಹೊತ್ತಿಗೆ ಶರಣಬಸವ ಅವರು ನನ್ನನ್ನು ಒಂದು ಕಡೆ ಕರೆದರು. "ಮದುವಿಗೂ ನಿಮ್ಮ ಕಂಪ್ಯೂಟರ್ ತಗೊಂಡು ಬರಬೇಕ್ರಿ, ಮರೀಬ್ಯಾಡ್ರಿ."

ನನಗೆ ಕಣ್ಣಲ್ಲಿ ನೀರೇ ಬಂತು. ಇಷ್ಟಾದರೂ ನನ್ನ ಮೇಲೆ ಭರೋಸಾ ಇಟ್ಟ ಪುಣ್ಯಾತ್ಮ! "ರಿಪೇರಿ ಮಾಡಿಸಿಕೊಂಡು ತರ್ತೀನ್ರಿ" ಎಂದೆ.

"ಛೇ ಛೇ, ರಿಪೇರಿ ಮಾಡಿಸಬ್ಯಾಡ್ರಿ! ಮದುವಿಗೆ ಹಾಡ್ರಿ ಅಂದ್ರ ನಿಮ್ಮ ಮಾವಾರು, 'ಮೊದಲು ಅಳಿಯಾರದು ಹಚ್ರಿ, ಅದು ನಿಂತ್ರ ನೋಡೋಣು' ಅಂದಾರ. ಅದಕ್ಕ ಇವತ್ತಿನಂಗ ಬರೋಬ್ಬರಿ ನಡುವ ಕೈ ಕೊಡಬೇಕು. ಖಾತ್ರಿ ಐತಿಲ್ಲ?"

ಐತಿ ಎಂದು ಹೇಳಿಬಂದೆ. ಅದೇ ತಪ್ಪಾಯಿತು. ಮದುವೆ ಹತ್ತಿರ ಬಂದಿದೆ. ನಾನು ಕಚೇರಿಯಿಂದ ಬಂದವನೇ ದರ್ಬಾರಿಯನ್ನು ಹಚ್ಚಿ ಅದರ ಮುಂದೆ ಕೂರುತ್ತೇನೆ. ಅದು ಹಾಡುತ್ತದೆ, ಹಾಡುತ್ತದೆ, ಹಾಡುತ್ತಲೇ ಇರುತ್ತದೆ. ಪಂಪಾವತಿ ಬಾಗಿಲಲ್ಲಿ ಬಂದು ನಿಂತು ದಿನಾ ಅದೇ ಪ್ರಶ್ನೆ ಕೇಳುತ್ತಾಳೆ.

"ನಿಂತಿತೇನ್ರಿ?"

"ಇಲ್ಲ ಮಾರಾಯ್ತಿ" ಎನ್ನುತ್ತೇನೆ, ಬೆವರು ಒರೆಸಿಕೊಳ್ಳುತ್ತ. "ಏನ್ ಮಾಡಿದ್ರೂ ನಿಲ್ಲವಲ್ದು!"