ಹದಿನಾಲ್ಕು ಇಂಚಿನ ಚಂದ

ಬೈಲಹೊಂಗಲದ ಹೈಸ್ಕೂಲಿನಲ್ಲಿ ನಾನು ಇಪ್ಪತ್ತಾರು ವರ್ಷ ಚಿತ್ರಕಲೆ ಕಲಿಸಿದ್ದೇನೆ. ಆದ್ದರಿಂದ ಚಂದ ಎಂದರೇನು ಎಂಬುದು ಊರಿನಲ್ಲಿ ನನ್ನೊಬ್ಬನಿಗೇ ಗೊತ್ತು ಎಂಬ ದೃಢವಾದ ನಂಬಿಕೆ ನನ್ನದಾಗಿತ್ತು. ಭಾರ, ವೇಗ, ಘರ್ಷಣೆ ಇತ್ಯಾದಿ ಕ್ಷುಲ್ಲಕ ವಿಷಯಗಳನ್ನು ವಿಜ್ಞಾನದ ಮಾಸ್ತರರು ನೋಡಿಕೊಳ್ಳುತ್ತಿದ್ದರು. ಕಾರಿನ ವಿಷಯದಲ್ಲಿ ಅವರನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ!

ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯಲ್ಲಿ ಒಂದು ಹಳೆಯ ಸಣ್ಣ ಕಾರು ಕೊಂಡೆ. ಬಿಳಿ ಬಣ್ಣ. ಎಂಜಿನ್ ಗಟ್ಟಿ, ಬಾಗಿಲು ಗಟ್ಟಿ. ಆದರೆ ಗಾಲಿಗಳು! ಹನ್ನೆರಡೇ ಇಂಚು. ಅಂಗಳದಲ್ಲಿ ನಿಲ್ಲಿಸಿ, ಇಪ್ಪತ್ತು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಎತ್ತಿ ಹಿಡಿದು ಅಳೆದೆ. ಮೈಗೆ ತಕ್ಕ ಕಾಲಿರಲಿಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತ ದಪ್ಪನೆಯ ಗೌಡರಂತೆ ಕಾಣುತ್ತಿತ್ತು.

“ರೀ, ಗಾಡಿ ಓಡತೈತಿಲ್ಲ?” ಎಂದು ಹೆಂಡತಿ ಶಾಂತಾ ಬಾಗಿಲಲ್ಲಿ ನಿಂತು ಕೇಳಿದಳು.

“ಓಡತೈತಿ.”

“ಮತ್ತ ಓಡ್ಲಿ ಬಿಡ್ರಿ.”

ಜಗತ್ತು ಇಷ್ಟು ಸರಳವಾಗಿದ್ದರೆ ಸರ್ಕಾರ ಚಿತ್ರಕಲಾ ಶಿಕ್ಷಕರ ಹುದ್ದೆಯನ್ನೇ ಸೃಷ್ಟಿಸುತ್ತಿರಲಿಲ್ಲ ಎಂದು ಅವಳಿಗೆ ತಿಳಿಸಿ ಹೇಳಿದೆ. ಅವಳು ಒಳಗೆ ಹೋದಳು.

ಕಾರು ಕೊಂಡದ್ದು ನನ್ನ ಡೌಲಿಗಲ್ಲ. ಅಂದರೆ, ಬರೀ ಡೌಲಿಗಲ್ಲ. ನನ್ನ ತಂಗಿ ನೀಲವ್ವನನ್ನು ರಾಮದುರ್ಗದ ಆಚೆ ಸುರೇಬಾನಕ್ಕೆ ಕೊಟ್ಟಿದ್ದೇವೆ. ನಾಗರ ಪಂಚಮಿಗೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಇದು ನಮ್ಮಲ್ಲಿ ಬರೆದಿಟ್ಟ ಕಾನೂನಿಗಿಂತ ದೊಡ್ಡದು. ಹಿಂದಿನ ವರ್ಷ ನಾನು ತಾಲೂಕು ಮಟ್ಟದ ಚಿತ್ರ ಸ್ಪರ್ಧೆಗೆ ತೀರ್ಪುಗಾರನಾಗಿ ಕೂತು, ನಾಳೆ ಹೋದರಾಯಿತು ಎಂದು ತಡಮಾಡಿ, ಕೊನೆಗೆ ಹೋಗಲೇ ಇಲ್ಲ. ನೀಲವ್ವ ಚೀಲ ಕಟ್ಟಿಕೊಂಡು ಇಡೀ ದಿನ ಕಟ್ಟೆಯ ಮೇಲೆ ಕೂತಿದ್ದಳಂತೆ. ಎದುರುಮನೆಯ ಹೆಂಗಸರು “ಯಾಕ, ತವರಾಗ ಯಾರೂ ಇಲ್ಲೇನು?” ಎಂದರಂತೆ. ಸಂಜೆ ಅವಳೇ ಚೀಲ ಬಿಚ್ಚಿ, ಸೀರೆಗಳನ್ನು ಮತ್ತೆ ಟ್ರಂಕಿಗೆ ಹಾಕಿದಳಂತೆ. ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈ ಸಲ ಕಾರಿನಲ್ಲೇ ಬರುತ್ತೇನೆಂದು ಹೇಳಿಕಳಿಸಿದ್ದೆ. ಆ ಓಣಿಯ ಬಾಯಿ ಮುಚ್ಚಿಸುವ ಕಾರು ಗೌಡರಂತೆ ಕೂತಿದ್ದರೆ ಆದೀತೆ?

ಹುಬ್ಬಳ್ಳಿಗೆ ಹೋದೆ. ಒಂದು ಅಂಗಡಿಯಲ್ಲಿ ಹದಿನಾಲ್ಕು ಇಂಚಿನ, ಅಗಲವಾದ ಟೈರಿನ, ಬೆಳ್ಳಿಯ ಹಾಗೆ ಹೊಳೆಯುವ ನಾಲ್ಕು ಗಾಲಿ ಹಾಕಿಸಿದೆ. ಹಳೆಯ ಗಾಲಿಗಳನ್ನು ಅಲ್ಲೇ ಕೊಟ್ಟುಬಿಟ್ಟೆ. ತಿರುಗಿಯೂ ನೋಡಲಿಲ್ಲ.

ಬೈಲಹೊಂಗಲಕ್ಕೆ ಬಂದವನೇ ದಸ್ತಗೀರ ಮಿಸ್ತ್ರಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಅವನು ಮೂವತ್ತು ವರ್ಷ ಗಾಡಿಗಳ ಕೆಳಗೇ ಮಲಗಿದವನು. ಬಗ್ಗಿ ಗಾಲಿಯ ಮೇಲೆ ಬೆರಳಿಟ್ಟು, ಮಡ್‌ಗಾರ್ಡಿನ ಸಂದಿಯಲ್ಲಿ ಇನ್ನೊಂದು ಬೆರಳು ತೂರಿಸಲು ನೋಡಿದ. ಹೋಗಲಿಲ್ಲ.

“ಸರ್ರ, ನೋಡಾಕ ಭಾರಿ ಅದಾವ. ಆದ್ರ ಎಂಜಿನ್ ಸಣ್ಣದು, ಗಾಲಿ ದೊಡ್ಡವು. ಪಿಕಪ್ ಬೀಳತೈತಿ. ಮತ್ತ ಮಂದಿ ಕುಂತ್ರ ಹಿಂದಿನ ಟೈರ್ ಮಡ್‌ಗಾರ್ಡಿಗೆ ಬಡೀತೈತಿ.”

“ಈಗ ಬಡಿಯಾಕ ಹತ್ತೇತೇನು?”

“ಈಗ ಒಳಗ ಯಾರದಾರ್ರಿ?”

ಇದು ಅಸೂಯೆಯ ಮಾತು ಎಂದು ತೀರ್ಮಾನಿಸಿದೆ. ನಾನು ಆ ಕಾರಿನ ಚಿತ್ರವನ್ನು ಆಗಲೇ ಹತ್ತಾರು ಸಲ ಬರೆದಿದ್ದೆ. ಪಕ್ಕದಿಂದ, ಮುಂದಿನಿಂದ, ಮರದ ನೆರಳಿನಲ್ಲಿ. ಒಂದರಲ್ಲಿಯೂ ಒಳಗೆ ಮನುಷ್ಯರನ್ನು ಬರೆದಿರಲಿಲ್ಲ. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಪಂಚಮಿಗೆ ಇನ್ನೂ ಒಂದು ತಿಂಗಳಿತ್ತು. ಆ ತಿಂಗಳು ನನ್ನ ಬದುಕಿನ ಸುವರ್ಣಯುಗ. ಹೆಡ್‌ಮಾಸ್ತರರು ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನಿಂದ ಗರ್‌ರ್ ಎಂಬ ಸಪ್ಪಳ ಬರುತ್ತಿತ್ತು, ನಿಜ. ಅದಕ್ಕೆ ನಾನು ಪೂರ್ತಿ ತಿರುಗಿಸುವುದನ್ನೇ ಬಿಟ್ಟೆ. ಮನೆಯ ಓಣಿಯ ತಿರುವು ಬಲು ಇಕ್ಕಟ್ಟಾದ್ದರಿಂದ ಊರಿನ ಅರ್ಧ ಸುತ್ತು ಹಾಕಿ ಆ ಕಡೆಯಿಂದ ಬರತೊಡಗಿದೆ.

“ಇಲ್ಲೇ ಹೊಳ್ಳಿದ್ರ ಮನಿ ಬರ್ತಿತ್ತಲ್ರೀ?” ಎಂದು ಶಾಂತಾ ಕೇಳಿದ್ದಕ್ಕೆ, ನಾಲ್ಕು ಜನ ನೋಡಲಿ ಎಂದೆ. ಆಮೇಲೆ ಅವಳು ಪೇಟೆಗೆ ನಡೆದೇ ಹೋಗುತ್ತಿದ್ದಳು. ಹಾಗಾಗಿ ನನ್ನ ಹಿಂದಿನ ಸೀಟಿನ ಪರೀಕ್ಷೆ ಆಗಲೇ ಇಲ್ಲ!

ಹಬ್ಬಕ್ಕೆ ಎರಡು ದಿನ ಮೊದಲು ಹೊರಟೆ. ಅವ್ವ ಹೊಸ್ತಿಲಲ್ಲಿ ನಿಂತು, “ತಮ್ಮಾ, ಈ ಸಲ ತಪ್ಪಸಬ್ಯಾಡಪಾ. ಆಕಿ ಮಾರಿ ನೋಡಿ ವರ್ಷಾತು” ಎಂದಳು. ನಾನು ಗಾಲಿಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ.

ಸವದತ್ತಿಯ ಏರಿನಲ್ಲಿ ಕಾರು ಏದುಸಿರು ಬಿಡತೊಡಗಿತು. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿದೆ. ಹದಿನಾರು ಮಂದಿಯನ್ನು ತುಂಬಿಕೊಂಡ ಮೂರು ಗಾಲಿಯ ಟಂಟಂ ಒಂದು ಪಕ್ಕದಲ್ಲಿ ಬಂದು, ನನ್ನನ್ನು ದಾಟಿ ಮುಂದೆ ಹೋಯಿತು. ಅದರ ಹಿಂಬದಿಯಲ್ಲಿ ಜೋತುಬಿದ್ದ ಮುದುಕರೊಬ್ಬರು “ದಬ್ಬಬೇಕೇನ್ರೀ ಸಾಹೇಬ್ರ?” ಎಂದು ಕಳಕಳಿಯಿಂದ ಕೇಳಿದರು. ಬೇಡವೆಂದು ಗಂಭೀರವಾಗಿ ತಲೆಯಾಡಿಸಿದೆ.

ಸುರೇಬಾನದಲ್ಲಿ ಇಡೀ ಓಣಿ ಹೊರಗೆ ಬಂತು. ನೀಲವ್ವನ ಮಾವ, ನಮ್ಮ ಬೀಗರು, ಎತ್ತಿನ ಬೆನ್ನು ತಟ್ಟುವಂತೆ ಟೈರನ್ನು ತಟ್ಟಿ “ಗಾಲಿ ಅಂದ್ರ ಗಾಲಿ ನೋಡ್ರಿ ಮಾಸ್ತರ!” ಎಂದರು. ನೀಲವ್ವ ಹಸಿರು ಇಳಕಲ್ ಸೀರೆ ಉಟ್ಟು, ಮಗಳು ಗಂಗಾಳ ಕೈ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. ಬೆಳಗಿನಿಂದ ನಿಂತಿದ್ದಳಂತೆ. ಎದುರುಮನೆಯ ಹೆಂಗಸರ ಕಡೆಗೆ ಒಂದು ಸಲ, ಒಂದೇ ಸಲ ನೋಡಿದಳು. ನನ್ನ ಎದೆ ಉಬ್ಬಿತು.

ಅಲ್ಲಿಗೆ ಮುಗಿದಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ಊಟವಾದ ಮೇಲೆ ಬೀಗರು ಒಂದು ಚೀಲ ಹೆಸರುಕಾಳು ತಂದು ಹಿಂದೆ ಇಟ್ಟರು. ಮೇಲೆ ಕಲ್ಲುಗುಂಡಿನಂಥ ಎರಡು ಪೆಂಟೆ ಬೆಲ್ಲ. “ಬರಿಗೈಲೆ ಕಳಿಸಿದ್ರ ನಮಗ ಚಂದ ಕಾಣಂಗಿಲ್ರಿ” ಎಂದರು. ಬೇಡವೆಂದರೆ ಬೀಗತನಕ್ಕೇ ಕುತ್ತು. ನೀಲವ್ವ ಮಗಳೊಂದಿಗೆ ಹಿಂದೆ ಕೂತಳು. ಕಾರು ಮೆಲ್ಲಗೆ ಕುಗ್ಗಿತು. ನಾನು ಹೊರಡಿಸಿದೆ.

ಗರ್‌ರ್‌ರ್!

ಇನ್ನೊಂದು ಮಾರು ಹೋದೆ. ಗರ್‌ರ್‌ರ್! ಜೊತೆಗೆ ಸುಟ್ಟ ರಬ್ಬರಿನ ವಾಸನೆ.

ಬೀಗರು ಕಿಟಕಿಗೆ ಬಂದರು. “ಮಾಸ್ತರ, ಏನದು? ಬಂಡಿ ಅಚ್ಚು ಒಣಗಿದ್ರ ಹಿಂಗ ಅಳತೈತಿ. ಎಣ್ಣಿ ತರ್ಲೇನು?”

“ಹೊಸಾ ಟೈರ್ರಿ ಬೀಗರ. ಮೊದಲಿಗೆ ಹಾಂಗ ಸಪ್ಪಳ ಮಾಡತಾವ” ಎಂದೆ. ಚಿತ್ರಕಲಾ ಶಿಕ್ಷಕನಿಗೆ ಕಲ್ಪನಾಶಕ್ತಿಯ ಕೊರತೆಯಿಲ್ಲ.

ನೀಲವ್ವ ಹಿಂದಿನಿಂದ ಮೆಲ್ಲಗೆ “ಅಣ್ಣಾ, ನಡಿ” ಎಂದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ ಓಣಿಗೆಲ್ಲ ಕೈಬೀಸಿದಳು. ಎದುರುಮನೆಯವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೀಸಿದಳು. ಕಾರು ಅಳುತ್ತ, ಅವಳು ನಗುತ್ತ, ಹಾಗೇ ಊರು ದಾಟಿದೆವು. ಕೊನೆಯ ಮನೆ ಮರೆಯಾದ ಕೂಡಲೇ ಅವಳ ದನಿ ಬದಲಾಯಿತು.

“ಅಣ್ಣಾ, ನಿಂದ್ರಸು.”

ನಿಲ್ಲಿಸಿ ಇಳಿದು ನೋಡಿದೆ. ಹಿಂದಿನ ಟೈರಿನ ಅಂಚು ಸುಲಿದು ದಾರ ಕಾಣುತ್ತಿತ್ತು. ಹೆಸರಿನ ಚೀಲ ಇಳಿಸಿ ನೋಡಿದೆವು. ಬೆಲ್ಲ ಇಳಿಸಿ ನೋಡಿದೆವು. ಒಮ್ಮೆ ಗಂಗಾಳನ್ನು, ಒಮ್ಮೆ ನೀಲವ್ವನನ್ನು ಮುಂದೆ ಕೂರಿಸಿ ನೋಡಿದೆವು. ರಸ್ತೆಯ ಪ್ರತಿ ತಗ್ಗಿಗೂ ಗರ್‌ರ್! ಕೊನೆಗೆ ನೀಲವ್ವ ಮಗಳನ್ನೂ ಇಳಿಸಿ, ತಾನೂ ಇಳಿದು, “ಈಗ ಹೊಡದು ನೋಡು” ಎಂದಳು.

ಕಾರು ಬೆಣ್ಣೆಯ ಹಾಗೆ ಹೋಯಿತು.

ನೂರು ಗಜ ಹೋಗಿ ನಿಲ್ಲಿಸಿ, ಕನ್ನಡಿಯಲ್ಲಿ ನೋಡಿದೆ. ರಸ್ತೆಯ ಬದಿ ಹಸಿರು ಸೀರೆಯ ನನ್ನ ತಂಗಿ, ಅವಳ ಮಗಳು, ಒಂದು ಚೀಲ, ಎರಡು ಪೆಂಟೆ ಬೆಲ್ಲ. ಕಳೆದ ವರ್ಷ ಇವಳನ್ನು ಕಟ್ಟೆಯ ಮೇಲೆ ಕೂರಿಸಿದ್ದೆ, ಈ ವರ್ಷ ರಸ್ತೆಗೆ ತಂದು ನಿಲ್ಲಿಸಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಇದನ್ನು ತಮಾಷೆಯಾಗಿ ಹೇಳಲು ನನಗೆ ಬರುವುದಿಲ್ಲ.

ಅಷ್ಟರಲ್ಲಿ ರಾಮದುರ್ಗದ ಬಸ್ಸು ಬಂತು. ನೀಲವ್ವ ಕೈ ಅಡ್ಡ ಹಿಡಿದಳು.

“ನೀಲಾ, ಬಸ್ಸಿನ್ಯಾಗ ಹ್ಯಾಂಗ...” ಎಂದು ಓಡಿಬಂದೆ.

“ಕರಿಯಾಕ ಬಂದೀಯಲ್ಲ, ಅಷ್ಟ ಸಾಕು. ಈ ಚೀಲ ಹಿಡಿ, ಎತ್ತು.”

ಎತ್ತಿದೆ. ಅವಳು ರಾಮದುರ್ಗದಲ್ಲಿ ಬಸ್ಸು ಬದಲಿಸಿ ಊರಿಗೆ ಹೊರಟಳು. ನಾನು ಖಾಲಿ ಕಾರಿನಲ್ಲಿ ಹಿಂದೆ ಹಿಂದೆ ಹೋದೆ. ಮೊದಲ ಏರಿನಲ್ಲೇ ಬಸ್ಸು ದೂರವಾಯಿತು. ಗಂಗಾ ಹಿಂದಿನ ಗಾಜಿನಿಂದ ಕೈಬೀಸುತ್ತಲೇ ಇದ್ದಳು.

ನಾನು ಮನೆ ಮುಟ್ಟಿದಾಗ ನೀಲವ್ವ ಚಹಾ ಕುಡಿದು ಲೋಟ ತೊಳೆದಿಟ್ಟಿದ್ದಳು. ಪಕ್ಕದ ಮನೆಯ ಕಲ್ಲವ್ವ ಕಾರನ್ನೂ ನನ್ನನ್ನೂ ನೋಡಿ, “ಯಾಕ್ರೀ ಮಾಸ್ತರ, ತಂಗಿ ಆಗಳೇ ಬಂದ್ಳು, ನೀವು ಈಗ ಬಂದ್ರಿ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನೀಲವ್ವನ ದನಿ ಬಂತು: “ಬಸ್‌ಸ್ಟ್ಯಾಂಡಿನ್ಯಾಗ ನನ್ನ ಇಳಿಸಿ ಪೆಟ್ರೋಲ್ ಹಾಕ್ಸಾಕ ಹೋಗಿದ್ದ, ಕಲ್ಲವ್ವ!”

ಅವ್ವನಿಗೂ ಅವಳು ಅದನ್ನೇ ಹೇಳಿದಳು. ಎಂಟು ದಿನ ಇದ್ದಳು. ಹಬ್ಬದ ಶೇಂಗಾ ಉಂಡಿ ಕಟ್ಟಿದಳು, ಜೋಕಾಲಿ ಆಡಿದಳು, ಕಾರಿನ ಸುದ್ದಿ ಮಾತ್ರ ಎತ್ತಲಿಲ್ಲ. ಶಾಂತಾ ನನ್ನ ಮುಖ ನೋಡಿಯೇ ಎಲ್ಲ ತಿಳಿದುಕೊಂಡಿದ್ದಳು. ಅವಳೂ ಏನೂ ಅನ್ನಲಿಲ್ಲ. ಮನೆಯಲ್ಲಿ ಇಬ್ಬರು ಹೆಂಗಸರು ಸೇರಿ ಏನೂ ಅನ್ನದಿರುವುದು ಎಂಥ ಶಿಕ್ಷೆ ಎಂಬುದನ್ನು ಅನುಭವಿಸಿದವರೇ ಬಲ್ಲರು.

ತಂಗಿಯನ್ನು ಸುರೇಬಾನಕ್ಕೆ ಮುಟ್ಟಿಸಲು ಬಸ್ಸಿನಲ್ಲೇ ಹೋದೆ. ಉಂಡಿಯ ಡಬ್ಬಿ ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ನೀಲವ್ವ ಪಿಸುಗುಟ್ಟಿದಳು: “ಕೇಳಿದ್ರ, ಕಾರು ರಿಪೇರಿಗೆ ಬಿಟ್ಟೇನಿ ಅನ್ನು.”

ಸುರೇಬಾನದ ಕಟ್ಟೆಯ ಮೇಲೆ ಬೀಗರು ಕೂತಿದ್ದರು. ಎದುರುಮನೆಯವರೂ ಹೊರಗೆ ಇದ್ದರು.

“ಬರ್ರಿ ಮಾಸ್ತರ! ಕಾರ್ ಎಲ್ರಿ?”

ನಾನು ನೀಲವ್ವನನ್ನು ನೋಡಿದೆ. ಅವಳು ಕಣ್ಣಿನಲ್ಲೇ “ರಿಪೇರಿ” ಎಂದಳು. ಸುಳ್ಳು ಹೇಳಿ ನನಗೆ ಸಾಕಾಗಿತ್ತು.

“ಬೀಗರ, ಅದು ನೋಡಾಕ ಮಾಡಿಸಿದ ಕಾರ್ರಿ. ಒಳಗ ಮಂದಿ ಕುಂತ್ರ ಓಡಂಗಿಲ್ಲ. ಅವತ್ತ ನಿಮ್ಮ ಸೊಸಿ ಬಸ್ಸಿನ್ಯಾಗ ಬಂದ್ಳು. ನಾ ಒಬ್ಬಾವ ಕಾರಿನ್ಯಾಗ ಬಂದ್ನಿ. ಅದೂ ಆಕಿ ಬಂದ ಮ್ಯಾಲೆ!”

ಮೊದಲು ನಕ್ಕವಳು ನೀಲವ್ವ. ಎಂಟು ದಿನದಿಂದ ತಡೆದಿಟ್ಟುಕೊಂಡಿದ್ದ ನಗು. ಬೀಗರು ನಕ್ಕರು, ಎದುರುಮನೆಯವರು ನಕ್ಕರು. ಅವಳು ಮಾತ್ರ ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದು ಕೂತು, ನನ್ನ ಕಡೆ ಬೆರಳು ಮಾಡಿ ತೋರಿಸುತ್ತ, ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಲೇ ಇದ್ದಳು.