ನನಗೆಂದು ಬಂದ ಎಂಜಿನ್ನಿಗೆ ನನ್ನದೊಂದು ಅಹವಾಲು

ನಮ್ಮ ಹಳೆಯ ಕಾರಿನ ಬಾನೆಟ್ಟಿನ ಕೆಳಗೆ ಹದಿನೆಂಟು ದಿನಗಳಿಂದ ವಿರಾಜಮಾನರಾಗಿರುವ ಮಾನ್ಯ ಎಂಜಿನ್ ಅವರಿಗೆ, ಅದೇ ಕಾರಿನಲ್ಲಿ ಡ್ರೈವಿಂಗ್ ಕಲಿಯುತ್ತಿದ್ದವಳು ಮಾಡುವ ಸವಿನಯ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ. ದಿನಕ್ಕೆರಡು ಬಾರಿ ಮೆತ್ತನೆಯ ಬಟ್ಟೆಯಲ್ಲಿ ಒರೆಸಿಕೊಳ್ಳುವವರ ಕ್ಷೇಮಕ್ಕೇನು ಕೊರತೆ?

ಮಾನ್ಯರೇ, ತಾವು ಈ ಮನೆಗೆ ಏಕೆ ಬಂದಿರೆಂಬುದನ್ನು ಯಾರೂ ತಮಗೆ ತಿಳಿಸಿದಂತಿಲ್ಲ. ಮುಂದಿನ ತಿಂಗಳ ಒಂದರಿಂದ ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ನನಗೆ ಬೆಳಗಿನ ಆರರ ಪಾಳಿ. ಐವತ್ತೊಂದನೆಯ ವಯಸ್ಸಿನಲ್ಲಿ ಸಿಕ್ಕ ಕೆಲಸ; ಮೊದಲ ಬಸ್ಸು ಹೊರಡುವುದೇ ಏಳಕ್ಕೆ. ಅಷ್ಟರೊಳಗೆ ನನಗೆ ಲೈಸೆನ್ಸ್ ಸಿಗದಿದ್ದರೆ ಆ ಕೆಲಸ ಬೇರೆಯವರ ಪಾಲು.

ತಮ್ಮ ಹಿಂದಿನವರು ನನ್ನ ಕೈಯಲ್ಲೇ, ಮೂರನೇ ಗೇರಿನಲ್ಲಿ, ತೀರಿಕೊಂಡರು. ಅದಕ್ಕೆ ವಾರದ ಮುಂಚಿನಿಂದ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವೊಂದು ಉರಿಯುತ್ತಿತ್ತು. ನಾನು ಬೆರಳಿಟ್ಟು ತೋರಿಸಿದಾಗ, ನನ್ನ ಗುರುಗಳೂ ಆದ ನಮ್ಮ ಯಜಮಾನರು, "ಅದು ಹಾಗೇ ಉರೀತಿರುತ್ತೆ, ನೀನು ರಸ್ತೆ ನೋಡು" ಎಂದು ಅಪ್ಪಣೆ ಕೊಡಿಸಿದರು. ನೋಡಿದೆ. ಹೊಗೆ ಎದ್ದು ರಸ್ತೆಯೇ ಕಾಣದಾಗುವವರೆಗೂ ನೋಡಿದೆ. ಮೆಕ್ಯಾನಿಕ್ ಬಂದು, ಎಂಜಿನ್ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಒರೆಸಿ, ಮತ್ತೆ ಅದ್ದಿ ತೆಗೆದು, ಒಣಗಿದ ಆ ಕಡ್ಡಿಯನ್ನು ಯಜಮಾನರ ಮೂಗಿನ ಮುಂದೆ ಹಿಡಿದ. ಅವರು ಕಡ್ಡಿ ನೋಡಿದರು, ಆಕಾಶ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಂದಿನಿಂದ ನೆಂಟರಿಷ್ಟರಲ್ಲೆಲ್ಲ ಎಂಜಿನ್ ಕೊಂದವಳೆಂಬ ಕೀರ್ತಿ ನನ್ನದು. ತಮಾಷೆಗೇ ಅನ್ನುತ್ತಾರೆ, ನನಗೆ ಮಾತ್ರ ಪ್ರತಿ ಸಲವೂ ನೋಯುತ್ತದೆ.

ಹಿಂಬದಿ ಜಜ್ಜಿಹೋದ ಯಾವುದೋ ಕಾರಿನಿಂದ ಬಿಚ್ಚಿ, ಸರಪಳಿಯಲ್ಲಿ ತೂಗುಹಾಕಿ, ತಮ್ಮನ್ನು ಇಲ್ಲಿ ಕೂರಿಸಿದ್ದು ನಾನು ಕಲಿಯಲೆಂದು. ತಾವು ಬಂದ ದಿನವೇ ಯಜಮಾನರು, ಹೊಸ ಎಂಜಿನ್ ಪಳಗಬೇಕು, ಮೊದಲ ಸಾವಿರ ಕಿಲೋಮೀಟರ್ ಅನುಭವಸ್ಥರೇ ಓಡಿಸಬೇಕು ಎಂದು ಸಾರಿದರು. "ಅಕ್ಕಾ, ಇದು ಆಗ್ಲೇ ಎಂಬತ್ತು ಸಾವಿರ ಓಡಿ ಬಂದಿದೆ, ಇನ್ನೇನು ಪಳಗಿಸ್ತಾರೆ?" ಎಂದು ಮೆಕ್ಯಾನಿಕ್ ನನ್ನ ಕಿವಿಯಲ್ಲಿ ಹೇಳಿದ್ದು ಕಿವಿಯಲ್ಲೇ ಉಳಿಯಿತು. ಈಗ ತಮ್ಮನ್ನು ಪಳಗಿಸಲೆಂದು ಯಜಮಾನರು ಬೀದಿಯ ಕೊನೆಯ ಅಂಗಡಿಯಿಂದ ಪೇಪರ್ ತರುತ್ತಾರೆ, ಕ್ಷೌರಕ್ಕೆ ಹೋಗುತ್ತಾರೆ, ಹದಿನೈದು ವರ್ಷ ಮಾತುಬಿಟ್ಟಿದ್ದ ಷಡ್ಡಕರ ಆರೋಗ್ಯವನ್ನೂ ವಿಚಾರಿಸಿ ಬರುತ್ತಾರೆ. ಒಂದು ಕುಟುಂಬವನ್ನೇ ಒಂದುಮಾಡಿದ ತಮ್ಮ ಹಿರಿಮೆಯನ್ನು ಎಷ್ಟು ಹೊಗಳಿದರೂ ಸಾಲದು! ನಾನು ಮಾತ್ರ ಹದಿನೆಂಟು ದಿನಗಳಿಂದ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ತಟ್ಟೆಯನ್ನು ಸ್ಟೀರಿಂಗಿನಂತೆ ಹಿಡಿದು, ಕಾಲಿನಲ್ಲಿ ಇಲ್ಲದ ಕ್ಲಚ್ಚನ್ನು ಒತ್ತುತ್ತಿದ್ದೇನೆ.

ಆದ್ದರಿಂದ ಮಾನ್ಯರಲ್ಲಿ ಕೆಲವು ಕೋರಿಕೆಗಳು. ಯಜಮಾನರ ಕೈಯಲ್ಲಿದ್ದಾಗ, ಹಿಂದೆ ನಾಲ್ಕು ಲಾರಿಗಳು ಹಾರ್ನ್ ಹೊಡೆಯುತ್ತಿರುವಂತೆ ನೋಡಿಕೊಂಡು, ಒಮ್ಮೆಯಾದರೂ ನಡುರಸ್ತೆಯಲ್ಲಿ ಆಫ್ ಆಗುವ ಕೃಪೆ ಮಾಡಿ. ಸಾಧ್ಯವಾದರೆ ಮುಂದಿನ ಕೌಟುಂಬಿಕ ಭೋಜನಕ್ಕೆ ಖುದ್ದಾಗಿ ಆಗಮಿಸಿ, ಎಣ್ಣೆ ಹಾಕುವುದು ಯಾರ ಜವಾಬ್ದಾರಿಯೆಂದು ನಾಲ್ಕು ಮಾತಾಡಿ. ಅದೂ ಆಗದಿದ್ದರೆ ಕನಿಷ್ಠ ಇವತ್ತೊಂದು ದಿನ, ನಾನು ಕ್ಲಚ್ ಬಿಡುವಾಗ ನಡುಗಬೇಡಿ. ನಡುಗುವ ಕೆಲಸಕ್ಕೆ ನಾನಿದ್ದೇನೆ.

ಎಂದೂ ತಮ್ಮನ್ನು ಕೊಲ್ಲದ,
ತಮ್ಮ ವಿಶ್ವಾಸಿ,
ಕಲಿಯುವವಳು

ಮರೆತ ಮಾತು: ತಮಗೆ ಓದು ಬಾರದೆಂದು ಗೊತ್ತು. ಈ ಪತ್ರವನ್ನು ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಕಲ್ಲೊಂದರ ಕೆಳಗಿಟ್ಟಿದ್ದೇನೆ. ನಿದ್ದೆ ಮುಗಿಸಿ ಬಂದು ಇದನ್ನು ಓದುವವರು ಗಾಬರಿಯಾಗಬೇಕಿಲ್ಲ. ಹತ್ತು ಗಂಟೆಗೆ ನನ್ನ ಡ್ರೈವಿಂಗ್ ಪರೀಕ್ಷೆ. ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಇರಲೇಬೇಕೆಂಬ ನಿಯಮದಂತೆ, ಒಂದು ಕಾಲಕ್ಕೆ ಬೇಕರಿಯ ವ್ಯಾನ್ ಓಡಿಸುತ್ತಿದ್ದ, ಇಂದಿಗೂ ಲೈಸೆನ್ಸ್ ನವೀಕರಿಸಿಕೊಂಡೇ ಬಂದಿರುವ ಅತ್ತೆಯವರು ಬೆಲ್ಟ್ ಹಾಕಿಕೊಂಡು ಕೂತಿದ್ದಾರೆ. ಯಜಮಾನರಿಗೆ ಹೇಳಿ ಹೊರಡೋಣವೆಂದರೆ ಅತ್ತೆಯವರೇ ತಡೆದರು: "ಅವನನ್ನ ಎಬ್ಬಿಸ್ಬೇಡ ಕಣೆ, ನಿನ್ನ ಪರೀಕ್ಷೇನೂ ತಾನೇ ಕೊಟ್ಟು ಬಂದ್ಬಿಡ್ತಾನೆ."